ಕಾನ್ಫರೆನ್ಸ್ ಸದಸ್ಯತ್ವ: ಸೇರುವಾಗ ಹಾರ, ಬಿಡುವಾಗ ಬಿಲ್ಲು

ದಾವಣಗೆರೆಯಲ್ಲಿ ಬಿಎ ಓದುವ ಹುಡುಗ, ವಿಟಿಯು ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗ, ಎಂಬಿಬಿಎಸ್ ಓದುವ ಹುಡುಗ, ಮೂವರೂ ಸಂಜೆ ಒಂದೇ ಮೈದಾನದಲ್ಲಿ ವಾಲಿಬಾಲ್ ಆಡುತ್ತಾರೆ. ಅಂತರ ಕಾಲೇಜು ಟೂರ್ನಿ ಬಂತೆಂದರೆ ಮೂವರ ದಾರಿ ಮೂರು. ಒಬ್ಬನ ವಿವಿ ತೋಳಹುಣಸೆಯಲ್ಲಿ, ಇನ್ನೊಬ್ಬನದು ಬೆಳಗಾವಿಯಲ್ಲಿ, ಮತ್ತೊಬ್ಬನದು ಬೆಂಗಳೂರಿನಲ್ಲಿ. ಯಾರ ಜೊತೆ ಆಡಬೇಕೆಂಬುದನ್ನು ಕಾಲೇಜು ಆರಿಸಿಕೊಳ್ಳುವುದಿಲ್ಲ, ಸಂಯೋಜನೆ ಪತ್ರ ಹೇಳುತ್ತದೆ. ಇಲ್ಲಿನ ಹಳೆಯ ಪದವಿ ಕಾಲೇಜುಗಳು 1987ಕ್ಕೆ ಮೊದಲು ಮೈಸೂರು ವಿವಿಯಲ್ಲಿದ್ದವು, ಆಮೇಲೆ ಕುವೆಂಪು ವಿವಿಗೆ ಹೋದವು, 2009ರಿಂದ ದಾವಣಗೆರೆ ವಿವಿ. ಮೂರು ಮನೆ ಕಂಡರೂ ಒಂದು ಸಲವೂ ‘ಬಿಟ್ಟು ಹೋಗುವ ಶುಲ್ಕ’ ಎಂದು ಯಾರೂ ಕೇಳಲಿಲ್ಲ. ಕಾಯ್ದೆ ಬಂತು, ಫಾರಂ ಮೇಲಿನ ವಿವಿ ಹೆಸರು ಬದಲಾಯಿತು, ಅಷ್ಟೇ.

ಅಮೆರಿಕದಲ್ಲಿ ಇದೇ ವಿಷಯ ಹಣ ಕೊಟ್ಟು ಪಡೆಯುವ ಸೇವೆ. ಅದರ ಹೆಸರು ಕಾನ್ಫರೆನ್ಸ್ ಸದಸ್ಯತ್ವ. ಬೇರೆ ಯಾವ ಸೇವೆಯನ್ನಾದರೂ ತೂಗಿ ನೋಡುವ ಹಾಗೆ ಇದನ್ನೂ ನೋಡಬೇಕು: ಕೊಟ್ಟ ಹಣಕ್ಕೆ ಏನು ಸಿಗುತ್ತದೆ, ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ, ಬೇಡವಾದರೆ ವಾಪಸ್ ಕೊಡಲು ಆಗುತ್ತದೆಯೇ. ಕ್ರೀಡೆಯ ಸ್ಕಾಲರ್‌ಶಿಪ್ ಮೇಲೆ ಮಗ ಅಥವಾ ಮಗಳನ್ನು ಅಲ್ಲಿಗೆ ಕಳಿಸುವ ಯೋಚನೆಯಿರುವ ಮನೆಗಳು ದಾವಣಗೆರೆ, ಚಿತ್ರದುರ್ಗದಲ್ಲೂ ಇವೆ. ಅವರಿಗೆ ಇದು ಬರೀ ಕುತೂಹಲದ ಮಾತಲ್ಲ.

ಮೊದಲು ಸೇವೆ ಏನೆಂದು ನೋಡೋಣ. ಕಾನ್ಫರೆನ್ಸ್ ಎಂದರೆ ಕಾಲೇಜುಗಳು ಸೇರಿ ಮಾಡಿಕೊಂಡ ಕೂಟ. ಪಂದ್ಯಗಳ ವೇಳಾಪಟ್ಟಿ ಮಾಡುತ್ತದೆ, ಅಂಪೈರುಗಳನ್ನು ಕಳಿಸುತ್ತದೆ, ಚಾಂಪಿಯನ್‌ಶಿಪ್ ನಡೆಸುತ್ತದೆ. ಇವೆಲ್ಲ ನಮ್ಮ ವಿವಿಗಳ ಕ್ರೀಡಾ ವಿಭಾಗವೂ ಮಾಡುವ ಕೆಲಸಗಳೇ. ಅಲ್ಲಿ ಮುಖ್ಯ ಕೆಲಸ ಬೇರೆ: ಎಲ್ಲ ಸದಸ್ಯರ ಟಿವಿ ಹಕ್ಕನ್ನು ಒಟ್ಟು ಕಟ್ಟಿ ಮಾರಿ, ಬಂದ ಹಣ ಹಂಚುವುದು. 1984ರವರೆಗೆ ಫುಟ್‌ಬಾಲ್ ಟಿವಿ ಹಕ್ಕಿನ ಮಾರಾಟ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ಕೈಯಲ್ಲಿತ್ತು. ಆ ವರ್ಷ ಒಕ್ಲಹೋಮ ವಿವಿಯ ಆಡಳಿತ ಮಂಡಳಿ ಹೂಡಿದ ದಾವೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ಬಿಡಿಸಿತು. ಅಲ್ಲಿಂದ ದೊಡ್ಡ ಕಾಲೇಜುಗಳಿಗೆ ಒಂದೇ ಲೆಕ್ಕ: ಯಾರ ಪಕ್ಕ ಕೂತರೆ ನಮ್ಮ ಫುಟ್‌ಬಾಲ್ ಹೆಚ್ಚು ಬೆಲೆಗೆ ಹೋಗುತ್ತದೆ? ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕಂಕುಳಲ್ಲಿ ಇಟ್ಟು ಓಡುವ ಅವರ ಫುಟ್‌ಬಾಲ್. ಕೊಂಡಿ ಬಿಚ್ಚುವುದು, ಕಟ್ಟುವುದು ಎಲ್ಲವೂ ಅದೊಂದರ ಸಲುವಾಗಿ. ಬಿಗ್ ಟೆನ್ ಎಂಬ ಕೂಟ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಟಿವಿ ವಾಹಿನಿಗಳ ಜೊತೆ ಮಾಡಿಕೊಂಡ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರಿಗೂ ಮೇಲೆ. ಇಷ್ಟು ಹಣ ಒಂದು ಕಡೆ ಹರಿದರೆ ಪಕ್ಕದ ಕೆರೆ ಒಣಗುವುದು ಸಹಜ.

ಒಣಗಿದ್ದು ಪ್ಯಾಕ್-12. 1915ರಿಂದ ಬಂದ ಪಶ್ಚಿಮ ಕರಾವಳಿಯ ಕೂಟ ಅದು. 2022ರ ಜೂನ್ 30ಕ್ಕೆ ಲಾಸ್ ಏಂಜಲೀಸಿನ ಎರಡು ವಿವಿಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ಬಿಗ್ ಟೆನ್‌ಗೆ ಹೋಗುತ್ತೇವೆಂದವು. ಮರುವರ್ಷ ಜುಲೈನಲ್ಲಿ ಕೊಲರಾಡೊ ಬಿಗ್ 12 ಎಂಬ ಇನ್ನೊಂದು ಕೂಟದ ಕಡೆ ನಡೆಯಿತು. ಆಗಸ್ಟ್ 4ರ ಒಂದೇ ದಿನ ಐದು ಹೋದವು: ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಕ್ಯಾಲ್ (ಕ್ಯಾಲಿಫೋರ್ನಿಯಾ ವಿವಿಯ ಬರ್ಕ್ಲಿ ಕ್ಯಾಂಪಸ್) ಎರಡೂ ಎಸಿಸಿ ಎಂಬ ಕೂಟಕ್ಕೆ ಸೇರುವುದು ಖಚಿತವಾಯಿತು. ಎಸಿಸಿಯ ಪೂರ್ಣ ಹೆಸರಿನಲ್ಲಿ ಇರುವುದು ‘ಅಟ್ಲಾಂಟಿಕ್ ಕರಾವಳಿ’, ಇವೆರಡೂ ಇರುವುದು ಪೆಸಿಫಿಕ್ ಕರಾವಳಿಯಲ್ಲಿ. ಹೆಸರಿಗೆ ಈಗ ಯಾರೂ ಬೆಲೆ ಕೊಡುವುದಿಲ್ಲ ಬಿಡಿ: ಬಿಗ್ ಟೆನ್‌ನಲ್ಲಿ 18 ಸದಸ್ಯರು, ಬಿಗ್ 12ರಲ್ಲಿ 16.

ಸೇರುವ ಬೆಲೆ

ಸೇರಲು ಶುಲ್ಕ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಶುಲ್ಕ ಇದೆ, ಹೆಚ್ಚಾಗಿ ಚೆಕ್ ರೂಪದಲ್ಲಿ ಇರುವುದಿಲ್ಲ. ದಾವಣಗೆರೆಯಲ್ಲಿ ಚೀಟಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುರ್ತಿದ್ದವನು ಮೊದಲ ತಿಂಗಳೇ ಜಾಸ್ತಿ ಕಸರು ಬಿಟ್ಟು ಚೀಟಿ ಎತ್ತುತ್ತಾನೆ. ಒರೆಗಾನ್, ವಾಷಿಂಗ್ಟನ್ ಮಾಡಿದ್ದು ಅದನ್ನೇ. ಪೂರ್ಣ ಸದಸ್ಯರ ಪಾಲಿನ ಅರ್ಧದ ಆಸುಪಾಸಿಗೆ, ಅಂದರೆ ವರ್ಷಕ್ಕೆ ಸುಮಾರು 3 ಕೋಟಿ ಡಾಲರಿಗೆ ಒಪ್ಪಿಕೊಂಡವು. ಅದು ವರ್ಷಕ್ಕೆ 10 ಲಕ್ಷದಂತೆ ಏರುತ್ತದೆ, ಈಗಿನ ಟಿವಿ ಒಪ್ಪಂದ ಮುಗಿಯುವವರೆಗೆ ಅಷ್ಟೇ. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್‌ಗೆ ಮೊದಲ ಏಳು ವರ್ಷ ಎಸಿಸಿ ಟಿವಿ ಪಾಲಿನ 30 ಶೇಕಡ ಮಾತ್ರ. ಎಂಟನೇ ವರ್ಷ 70, ಒಂಬತ್ತನೇ ವರ್ಷ 75, ಹತ್ತನೇ ವರ್ಷಕ್ಕೆ ಪೂರ್ತಿ. ಅದೇ ಎಸಿಸಿಗೆ ಸೇರಿದ ಟೆಕ್ಸಾಸಿನ ಎಸ್‌ಎಂಯು ವಿವಿ ಇನ್ನೂ ಮುಂದೆ ಹೋಗಿ, ಒಂಬತ್ತು ವರ್ಷ ಟಿವಿ ಪಾಲೇ ಬೇಡ ಎಂದು ಬರೆದುಕೊಟ್ಟಿತು. ಅದಕ್ಕೆ ಹಣವಂತ ಹಳೆಯ ವಿದ್ಯಾರ್ಥಿಗಳಿದ್ದಾರೆ, ನಡೆಯುತ್ತದೆ. ಇಲ್ಲದವರು ಇದನ್ನು ನೋಡಿ ಕಲಿಯಬಾರದು.

ಬಿಡುವ ಬೆಲೆ

ನಿಜವಾದ ಬಿಲ್ಲು ಇಲ್ಲಿದೆ, ಇದರಲ್ಲಿ ಎರಡು ಬಾಬತ್ತು. ಮೊದಲನೆಯದು ನಿರ್ಗಮನ ಶುಲ್ಕ. ಮೇರಿಲ್ಯಾಂಡ್ 2014ರಲ್ಲಿ ಎಸಿಸಿ ಬಿಟ್ಟು ಬಿಗ್ ಟೆನ್‌ಗೆ ಹೋದಾಗ ಎಸಿಸಿ ಕೇಳಿದ್ದು 5.2 ಕೋಟಿ ಡಾಲರ್. ಕೋರ್ಟ್ ಜಗಳವಾಗಿ, ಅದುವರೆಗೆ ಹಿಡಿದಿಟ್ಟುಕೊಂಡಿದ್ದ 3.13 ಕೋಟಿ ಚಿಲ್ಲರೆಯನ್ನು ಎಸಿಸಿಯೇ ಇಟ್ಟುಕೊಳ್ಳಲಿ ಎಂದು ರಾಜಿಯಾಯಿತು. ಗಮನಿಸಬೇಕಾದ್ದು ವಸೂಲಿಯ ಕ್ರಮ: ಹೆಚ್ಚಾಗಿ ಯಾರೂ ಚೀಲ ಹಿಡಿದು ಹೋಗಿ ಕಟ್ಟುವುದಿಲ್ಲ, ಬರಬೇಕಾದ ಪಾಲನ್ನೇ ಕೂಟ ತಡೆಹಿಡಿಯುತ್ತದೆ. ಹಾಗಾಗಿ ‘ಬಿಡುತ್ತೇವೆ’ ಎಂದು ನೋಟಿಸ್ ಕೊಟ್ಟ ದಿನದಿಂದಲೇ ಕಾಲೇಜಿನ ಕ್ರೀಡಾ ಖಾತೆ ಒಣಗುತ್ತದೆ, ಹೊಸ ಮನೆಯ ಹಣ ಬರಲು ಇನ್ನೂ ಒಂದೆರಡು ವರ್ಷ ಇರುತ್ತದೆ. ನಡುವಿನ ಈ ಗ್ಯಾಪಿಗೆ ಸಾಲ. ಮೇರಿಲ್ಯಾಂಡ್ ಹೊರಟದ್ದೇ ಕೈ ಬರಿದಾದ ಮೇಲೆ: 2012ರಲ್ಲೇ ಅದು ಏಳು ತಂಡಗಳನ್ನು ಮುಚ್ಚಿತ್ತು.

ಟೆಕ್ಸಾಸ್ ಮತ್ತು ಒಕ್ಲಹೋಮ ಬಿಗ್ 12 ಬಿಟ್ಟು ಎಸ್‌ಇಸಿ ಎಂಬ ಕೂಟಕ್ಕೆ ಒಂದು ವರ್ಷ ಬೇಗ, 2024ಕ್ಕೇ ಹೋಗಲು ಇಬ್ಬರೂ ಸೇರಿ ಬಿಟ್ಟುಕೊಟ್ಟದ್ದು 10 ಕೋಟಿ ಡಾಲರ್. ‘ಅಮೆರಿಕನ್’ ಎಂಬ ಹೆಸರಿನ ಕಾನ್ಫರೆನ್ಸಿನ ಆಗಿನ ನಿಯಮ 1 ಕೋಟಿ ಡಾಲರ್ ಮತ್ತು 27 ತಿಂಗಳ ನೋಟಿಸ್. ಅಷ್ಟು ಕಾಯದೆ 2023ಕ್ಕೇ ಹೊರಟ ಸಿನ್ಸಿನಾಟಿ, ಯುಸಿಎಫ್, ಹ್ಯೂಸ್ಟನ್ ತಲಾ 1.8 ಕೋಟಿಗೆ ಒಪ್ಪಿದವು, 14 ವರ್ಷದ ಕಂತು. ಮನೆ ಬಿಟ್ಟ ಮೇಲೂ 14 ವರ್ಷ ಹಳೆಯ ಮನೆಗೆ ಬಾಡಿಗೆ ಕಟ್ಟಿದಂತಾಯಿತು. ತಾರೀಖು ತಪ್ಪಿದರೂ ಪೆಟ್ಟು ಜೋರು. 2025ರಲ್ಲಿ ಟೆಕ್ಸಾಸ್ ಸ್ಟೇಟ್ ವಿವಿ ಸನ್ ಬೆಲ್ಟ್ ಕೂಟ ಬಿಡುವ ನಿರ್ಧಾರವನ್ನು ಜೂನ್ ಕೊನೆಯ ದಿನ ಮಾಡಿ ಮುಗಿಸಿತು. ಜುಲೈ 1 ದಾಟಿದ್ದರೆ 50 ಲಕ್ಷದ ಶುಲ್ಕ 1 ಕೋಟಿ ಡಾಲರ್ ಆಗುತ್ತಿತ್ತು. ಈ ಕೂಟಗಳ ಆರ್ಥಿಕ ವರ್ಷ ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಈ ಜಗತ್ತಿನ ಕೆಲವು ದೊಡ್ಡ ಸುದ್ದಿಗಳು ಆ ವಾರವೇ ಬರುವುದಕ್ಕೆ ಇದೂ ಒಂದು ಕಾರಣ.

ಎರಡನೇ ಬಾಬತ್ತು ‘ಗ್ರಾಂಟ್ ಆಫ್ ರೈಟ್ಸ್’. ಇದನ್ನು ಓದದೆ ಸಹಿ ಹಾಕಿದವರೇ ಹೆಚ್ಚು ಪರದಾಡಿದ್ದು. ಹೊಲವನ್ನು 2036ರವರೆಗೆ ಲಾವಣಿಗೆ ಬರೆದುಕೊಟ್ಟು ಊರು ಬಿಟ್ಟಂತೆ ಅಂದುಕೊಳ್ಳಿ: ನೀವು ಎಲ್ಲಿಗಾದರೂ ಹೋಗಿ, ಬೆಳೆ ಮಾತ್ರ ಲಾವಣಿ ಹಿಡಿದವನದು. ಕಾಲೇಜು ಕೂಟ ಬಿಟ್ಟರೂ ಅದರ ತವರು ಪಂದ್ಯಗಳ ಟಿವಿ ಹಕ್ಕು ಒಪ್ಪಂದದ ಅವಧಿ ಮುಗಿಯುವವರೆಗೆ ಹಳೆಯ ಕೂಟದಲ್ಲೇ ಉಳಿಯುತ್ತದೆ. ಟಿವಿ ಹಕ್ಕಿಲ್ಲದ ತಂಡವನ್ನು ಹೊಸ ಕೂಟ ಯಾಕೆ ಕರೆದೀತು? ನಿರ್ಗಮನ ಶುಲ್ಕ ಬಾಗಿಲ ಚಿಲಕವಾದರೆ ಇದು ಹೊರಗಿನಿಂದ ಹಾಕಿದ ಬೀಗ. ಫ್ಲೋರಿಡಾ ಸ್ಟೇಟ್ 2023ರ ಡಿಸೆಂಬರಿನಲ್ಲಿ ಎಸಿಸಿ ಮೇಲೆ ದಾವೆ ಹೂಡಿದಾಗ, ಹೊರಗೆ ಹೋಗಲು ತನಗೆ ಆಗುವ ಒಟ್ಟು ವೆಚ್ಚವನ್ನು 57.2 ಕೋಟಿ ಡಾಲರ್ ಎಂದು ಲೆಕ್ಕ ಕೊಟ್ಟಿತು. ಅದರಲ್ಲಿ ಬಹುಪಾಲು ಈ ಬೀಗದ ಬೆಲೆ.

2025ರ ಮಾರ್ಚಿನಲ್ಲಿ ಫ್ಲೋರಿಡಾ ಸ್ಟೇಟ್, ಕ್ಲೆಮ್ಸನ್ ಎರಡರ ಜೊತೆಗೂ ರಾಜಿಯಾಯಿತು. ಈಗ ಎಸಿಸಿ ಬಿಡುವ ದರಪಟ್ಟಿ ಗೋಡೆಗೆ ಅಂಟಿಸುವಷ್ಟು ಸರಳ: 2025-26ರಲ್ಲಿ 16.5 ಕೋಟಿ ಡಾಲರ್, ಆಮೇಲೆ ವರ್ಷಕ್ಕೆ 1.8 ಕೋಟಿ ಇಳಿಕೆ. 14.7, 12.9, 11.1, 9.3 ಹೀಗೆ ಇಳಿದು 2030-31ಕ್ಕೆ 7.5 ಕೋಟಿಗೆ ನಿಲ್ಲುತ್ತದೆ. ಅಷ್ಟು ಕಟ್ಟಿದರೆ ಟಿವಿ ಹಕ್ಕೂ ಜೊತೆಗೆ ಬರುತ್ತದೆ. ಕೂಟದೊಳಗೆ ಉಳಿದವರಿಗೂ ಟಿವಿ ಹಣದಲ್ಲಿ 60 ಶೇಕಡವನ್ನು ಐದು ವರ್ಷದ ವೀಕ್ಷಕರ ಸರಾಸರಿ ನೋಡಿ ಹಂಚುತ್ತಾರೆ, ಸಮಪಾಲು 40 ಶೇಕಡ ಮಾತ್ರ. ಅಣ್ಣತಮ್ಮಂದಿರ ಪಾಲು ಹಂಚಿಕೆಯಲ್ಲಿ ‘ದುಡಿದವನಿಗೆ ಜಾಸ್ತಿ’ ಎಂದ ಹಾಗೆ. ಪಾರದರ್ಶಕತೆಗೆ ಐದಕ್ಕೆ ನಾಲ್ಕು ಕೊಡಬಹುದು. ಆದರೆ ಈ ಪಟ್ಟಿಯನ್ನು ಓದುವ ಯಾರಿಗಾದರೂ 2030ರ ಸುತ್ತ ಇನ್ನೊಂದು ಸುತ್ತು ಗುಳೆ ಏಳುತ್ತದೆ ಎಂದು ಕಾಣುತ್ತದೆ. ಬಿಗ್ ಟೆನ್ ಒಪ್ಪಂದ ಮುಗಿಯುವುದು 2029-30ಕ್ಕೆ, ಬಿಗ್ 12 ಒಪ್ಪಂದ 2030-31ಕ್ಕೆ. ಎಸ್‌ಇಸಿಯದು 2033-34.

ಪ್ರಯಾಣ: ಐದಕ್ಕೆ ಒಂದು

ಫುಟ್‌ಬಾಲ್ ತಂಡ ವಾರಕ್ಕೊಂದು ಪಂದ್ಯ ಆಡುತ್ತದೆ, ಹೆಚ್ಚಾಗಿ ಶನಿವಾರ. ಸೀಸನ್ನಿಗೆ ಸುಮಾರು 12 ಪಂದ್ಯ, ಅದರಲ್ಲಿ ಹೊರಗಿನವು ಐದಾರು, ಹೋಗಿಬರಲು ಇಡೀ ವಿಮಾನ ಚಾರ್ಟರ್. ಅದಕ್ಕೆ ದೂರ ತೊಂದರೆಯೇ ಅಲ್ಲ. ಈಜು, ಅಥ್ಲೆಟಿಕ್ಸ್ ತಂಡಗಳಿಗೂ ಅಷ್ಟೇನಿಲ್ಲ. ಒಂದೇ ಸ್ಪರ್ಧೆಗೆ ಹತ್ತಾರು ಕಾಲೇಜು ಸೇರುತ್ತವೆ, ತಮ್ಮ ಕಾನ್ಫರೆನ್ಸಿನವರ ಮುಖ ನೋಡುವುದು ಹೆಚ್ಚಾಗಿ ಚಾಂಪಿಯನ್‌ಶಿಪ್ಪಿನಲ್ಲೇ. ಪೆಟ್ಟು ಬೀಳುವುದು ವಾರಕ್ಕೆ ಎರಡು ಪಂದ್ಯ, ಎದುರುಬದುರು ಆಡಲೇಬೇಕಾದ ವಾಲಿಬಾಲ್, ಸಾಕರ್, ಸಾಫ್ಟ್‌ಬಾಲ್, ಟೆನಿಸ್ ತಂಡಗಳಿಗೆ. ಟಿವಿ ಹಣ ತಂದವರು ಇವರಲ್ಲ, ಅದಕ್ಕಾಗಿ ನಿದ್ದೆಗೆಡುವವರು ಇವರೇ.

ಸ್ಟ್ಯಾನ್‌ಫರ್ಡಿನಂಥ ಕಾಲೇಜಿನ ವಾಲಿಬಾಲ್ ತಂಡಕ್ಕೆ ಒಂದು ವಾರಾಂತ್ಯದಲ್ಲಿ ಬಾಸ್ಟನ್ ಮತ್ತು ಸಿರಾಕ್ಯೂಸ್ ಬಿದ್ದಿತು ಅಂದುಕೊಳ್ಳಿ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಬಾಸ್ಟನ್‌ಗೆ ಸುಮಾರು 4,300 ಕಿ.ಮೀ.; ನಮ್ಮ ದೇಶದ ಉತ್ತರ ತುದಿಯಿಂದ ದಕ್ಷಿಣ ತುದಿಗೇ 3,214 ಕಿ.ಮೀ. ಆಟಗಾರರು, ಕೋಚ್, ಫಿಸಿಯೋ, ವಿಡಿಯೋದವರು ಸೇರಿ 20ರಿಂದ 25 ಜನ. ಗುರುವಾರ ಮಧ್ಯಾಹ್ನದ ಕ್ಲಾಸ್ ಬಿಟ್ಟು ವಿಮಾನ ಹತ್ತಿದರೆ ಐದೂವರೆ ಗಂಟೆ ಹಾರಾಟ, ಗಡಿಯಾರದಲ್ಲಿ ಮತ್ತೆ ಮೂರು ಗಂಟೆ ಮಾಯ. ಹೋಟೆಲ್ ಸೇರುವಾಗ ರಾತ್ರಿ ಹತ್ತು ಹನ್ನೊಂದು, ದೇಹದ ಲೆಕ್ಕದಲ್ಲಿ ಇನ್ನೂ ಏಳೆಂಟು, ನಿದ್ದೆ ಬರುವುದಿಲ್ಲ. ಶುಕ್ರವಾರ ಸಂಜೆ ಪಂದ್ಯ. ಶನಿವಾರ ಐದು ಗಂಟೆ ಬಸ್ಸು. ಭಾನುವಾರ ಮಧ್ಯಾಹ್ನ 12ಕ್ಕೆ ಎರಡನೇ ಪಂದ್ಯ, ಅದು ಮನೆಯ ಬೆಳಿಗ್ಗೆ 9. ಮುಗಿದ ಕೂಡಲೇ ಸಣ್ಣ ನಿಲ್ದಾಣದಿಂದ ಹೊರಟು, ನಡುವೆ ಎಲ್ಲೋ ಇಳಿದು ಇನ್ನೊಂದು ವಿಮಾನ ಹಿಡಿಯಬೇಕು. ಕೆಡುವುದು ಇಲ್ಲಿಯೇ. ಕೊಂಡಿ ವಿಮಾನ ತಪ್ಪಿದರೆ ಮುಂದಿನದರಲ್ಲಿ ಒಟ್ಟಿಗೆ 22 ಸೀಟು ಸಿಗುವುದು ಕಷ್ಟ. ತಂಡ ಮೂರು ಚೂರಾಗುತ್ತದೆ, ಕಿಟ್ ಇನ್ನೊಂದು ವಿಮಾನದಲ್ಲಿ. ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಕೂತವರ ಕಣ್ಣು ನೋಡಿದರೆ ಸಾಕು.

ಇದನ್ನು ತಗ್ಗಿಸಲು ಕೂಟಗಳು ಮಾಡುವ ಒಂದು ಉಪಾಯ: ಅಕ್ಕಪಕ್ಕದ ಎರಡು ಕಾಲೇಜನ್ನು ಜೋಡಿ ಮಾಡಿ ಒಂದೇ ಪ್ರಯಾಣದಲ್ಲಿ ಎರಡು ಪಂದ್ಯ ಮುಗಿಸುವುದು. ಖರ್ಚು ಉಳಿಯುತ್ತದೆ, ಕ್ಲಾಸ್ ಉಳಿಯುವುದಿಲ್ಲ. ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಗುವಾಗ ಪ್ರಯಾಣ, ಊಟ, ಓದಿನ ನೆರವು ಇತ್ಯಾದಿಗೆ ವರ್ಷಕ್ಕೆ ಸುಮಾರು 1 ಕೋಟಿ ಡಾಲರ್ ಹೆಚ್ಚುವರಿ ಎಂದು ಅದರ ಆಡಳಿತ ಮಂಡಳಿಯ ಮುಂದೆ ಲೆಕ್ಕ ಬಂದಿತ್ತು. ಸಾಲದ್ದಕ್ಕೆ, ಹಿಂದೆ ಬಿಟ್ಟುಹೋದ ಕ್ಯಾಲ್‌ಗೆ ವರ್ಷಕ್ಕೆ 1 ಕೋಟಿಯಂತೆ ಮೂರು ವರ್ಷ ಕೊಡು ಎಂದು ಆ ಮಂಡಳಿ 2024ರಲ್ಲಿ ಹೇಳಿತು. ಎರಡೂ ಒಂದೇ ಆಡಳಿತದ ಕ್ಯಾಂಪಸ್‌ಗಳು, ಜೀವನಾಂಶ ಅಂದರೂ ತಪ್ಪಿಲ್ಲ.

ಇಲ್ಲಿ ನಮ್ಮ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ದಾವಣಗೆರೆಯ ಕಬಡ್ಡಿ ತಂಡ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಹೋಗಲು ಹೆದ್ದಾರಿಯಲ್ಲಿ 60 ಕಿ.ಮೀ. ಹನ್ನೆರಡು ಹುಡುಗರು, ಒಬ್ಬ ಮ್ಯಾನೇಜರ್, ಕಿಟ್ಟಿನ ಎರಡು ಚೀಲ, ಬೆಳಿಗ್ಗೆ ಏಳರ ಬಸ್ಸು. ಸೋತರೆ ಸಂಜೆ ಮಂಡಕ್ಕಿ-ಮಿರ್ಚಿಗೆ ದಾವಣಗೆರೆಯಲ್ಲಿರುತ್ತಾರೆ. ದೂರುಗಳು ನಮ್ಮಲ್ಲೂ ಇವೆ: ದಿನಭತ್ಯೆ (ಡಿಎ) ತಡ, ಆನ್ ಡ್ಯೂಟಿ ಪತ್ರ ಕೊಟ್ಟರೂ 75 ಶೇಕಡ ಹಾಜರಾತಿಯ ತಗಾದೆ, ವೇಳಾಪಟ್ಟಿ ಹಿಂದಿನ ದಿನ ಬರುವುದು. ಆದರೆ ಹತ್ತಿರದವರ ಜೊತೆ ಆಡುವುದೆಂಬ ಮೂಲ ಲೆಕ್ಕ ಮಾತ್ರ ಸರಿಯಿದೆ. ಎಂಜಿನಿಯರಿಂಗ್, ಮೆಡಿಕಲ್ ಹುಡುಗರಿಗೆ ಅದೂ ಇಲ್ಲ. ಅವರ ವಿವಿಗೆ ಇಡೀ ರಾಜ್ಯವೇ ವ್ಯಾಪ್ತಿ, ಆಯ್ಕೆ ಟ್ರಯಲ್ಸ್ ಯಾವ ಊರಿನಲ್ಲಿ ಬೀಳುತ್ತದೋ ಅಲ್ಲಿಗೆ ರಾತ್ರಿ ಬಸ್ಸು.

ಹಿಂದೆ ಉಳಿದವರು

ಎಲ್ಲ ಹೋದ ಮೇಲೆ ಪ್ಯಾಕ್-12ರಲ್ಲಿ ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಕೂಟದ ಆಡಳಿತ ಯಾರದು ಎಂದು ಕೋರ್ಟಿಗೆ ಹೋಗಿ ಗೆದ್ದವು, ಮನೆಯೇನೋ ಕೈಗೆ ಬಂತು, ಆಡಲು ಎದುರಾಳಿಯಿಲ್ಲ. 2024ರ ಫುಟ್‌ಬಾಲ್ ಸೀಸನ್ನಿಗೆ ಮೌಂಟನ್ ವೆಸ್ಟ್ ಎಂಬ ಕೂಟದ ಜೊತೆ ತಲಾ ಆರು ಪಂದ್ಯ ಆಡಲು 1.4 ಕೋಟಿ ಡಾಲರ್ ಕಟ್ಟಿದವು. ಆ ಒಪ್ಪಂದದಲ್ಲೇ ಒಂದು ಮುಳ್ಳಿತ್ತು: ನಮ್ಮ ಸದಸ್ಯರನ್ನು ಸೆಳೆದರೆ ಮೊದಲ ಕಾಲೇಜಿಗೆ 1 ಕೋಟಿ, ಆಮೇಲಿನ ಪ್ರತಿಯೊಂದಕ್ಕೂ 5 ಲಕ್ಷ ಏರಿಕೆ. 2024ರ ಸೆಪ್ಟೆಂಬರಿನಲ್ಲಿ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್ ಐದನ್ನೂ ಸೆಳೆದರು. 1 ಕೋಟಿ, 1.05, 1.1, 1.15, 1.2 ಕೂಡಿಸಿ, 5.5 ಕೋಟಿ. ಹೋಗುವ ಕಾಲೇಜುಗಳ ನಿರ್ಗಮನ ಶುಲ್ಕ ಬೇರೆ. ಸಹಿ ಹಾಕಿದವರೇ ಆ ಷರತ್ತು ಅಕ್ರಮ ಎಂದು ಕೋರ್ಟಿಗೆ ಹೋದರು. ಹಸಿದಾಗ ಕರಾರು ಓದುವ ವ್ಯವಧಾನ ಇರುವುದಿಲ್ಲ.

ಕೊಟ್ಟ ಹಣಕ್ಕೆ ಮೋಸವಿಲ್ಲದ ಕೊಳ್ಳುವಿಕೆ

ಒಂದನ್ನು ಮಾತ್ರ ಮನಸ್ಸು ಬಿಚ್ಚಿ ಮೆಚ್ಚಬೇಕು: ಕನೆಕ್ಟಿಕಟ್ ವಿವಿ. ಅದರ ಬಲ ಬ್ಯಾಸ್ಕೆಟ್‌ಬಾಲ್. ಅಮೆರಿಕನ್ ಕಾನ್ಫರೆನ್ಸಿನಲ್ಲಿ ಇದ್ದಾಗ ಟೆಕ್ಸಾಸ್, ಫ್ಲೋರಿಡಾ, ಒಕ್ಲಹೋಮಕ್ಕೆ ಅಲೆಯಬೇಕಿತ್ತು. 1.7 ಕೋಟಿ ಡಾಲರ್ ಕಟ್ಟಿ 2020ರಲ್ಲಿ ಬಿಗ್ ಈಸ್ಟ್ ಎಂಬ ಹಳೆಯ ಕೂಟಕ್ಕೆ ಮರಳಿತು, ಫುಟ್‌ಬಾಲನ್ನು ಯಾವ ಕೂಟಕ್ಕೂ ಸೇರಿಸದೆ ಒಂಟಿಯಾಗಿ ಬಿಟ್ಟಿತು. ಪ್ರಾವಿಡೆನ್ಸ್, ನ್ಯೂಯಾರ್ಕ್, ನ್ಯೂಜೆರ್ಸಿಗೆ ಬಸ್ಸಿನಲ್ಲೇ ಹೋಗಿ ಬರಬಹುದು. ಪುರುಷರ ತಂಡ 2023, 2024 ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್, ಮಹಿಳೆಯರ ತಂಡ 2025ರಲ್ಲಿ. ಐದಕ್ಕೆ ನಾಲ್ಕೂವರೆ, ಅರ್ಧ ಕಡಿತ ಯಾಕೆಂದರೆ ಒಂಟಿ ಫುಟ್‌ಬಾಲ್ ತಂಡಕ್ಕೆ ಪ್ರತಿ ವರ್ಷ 12 ಎದುರಾಳಿಯನ್ನು ತಾನೇ ಹುಡುಕುವುದು ಸುಲಭವಲ್ಲ. ಇಡಾಹೊ ಕೂಡ 2018ರಲ್ಲಿ ಸನ್ ಬೆಲ್ಟ್ ಬಿಟ್ಟು, ಫುಟ್‌ಬಾಲನ್ನು ಒಂದು ಮೆಟ್ಟಿಲು ಇಳಿಸಿ, ತನ್ನ ಇತರ ತಂಡಗಳಿದ್ದ ನೆರೆಯ ಬಿಗ್ ಸ್ಕೈಗೇ ಅದನ್ನೂ ತಂದಿತು. ಮರ್ಯಾದೆ ಹೋಯಿತು ಎಂದು ಅಭಿಮಾನಿಗಳು ಗೊಣಗಿದರು, ಆದರೆ ಬಹುತೇಕ ತಂಡಗಳು ಒಂದೇ ಸೂರಿನಡಿ ಬಂದವು.

ಇಲ್ಲಿಂದ ಹೋಗುವವರಿಗೆ

ಆಫರ್ ಪತ್ರ ಬಂದರೆ ಕಾಲೇಜಿನ ರ‍್ಯಾಂಕಿಂಗ್ ನೋಡುವ ಮೊದಲು ಆ ಕ್ರೀಡೆಯ ಕಳೆದ ವರ್ಷದ ವೇಳಾಪಟ್ಟಿ ತೆಗೆಯಿರಿ. ಎಲ್ಲ ಕಾಲೇಜುಗಳ ಕ್ರೀಡಾ ಜಾಲತಾಣದಲ್ಲೂ ಇರುತ್ತದೆ. ಹೊರಗಿನ ಪಂದ್ಯಗಳಲ್ಲಿ ವಿಮಾನದ್ದೆಷ್ಟು, ಬಸ್ಸಿನದ್ದೆಷ್ಟು, ಗುರುವಾರ-ಶುಕ್ರವಾರ ಎಷ್ಟು ಎಂದು ಪೆನ್ನಿನಲ್ಲಿ ಗುರುತು ಹಾಕಿ. ಕೋಚ್‌ಗೆ ನೇರವಾಗಿ ಕೇಳಿ: ‘ಹೋದ ಸೆಮಿಸ್ಟರಿನಲ್ಲಿ ತಂಡ ಎಷ್ಟು ದಿನದ ಕ್ಲಾಸ್ ತಪ್ಪಿಸಿಕೊಂಡಿತು? ಲ್ಯಾಬ್ ಪರೀಕ್ಷೆ ತಪ್ಪಿದರೆ ಯಾರು ನಡೆಸುತ್ತಾರೆ?’ ಎಂಜಿನಿಯರಿಂಗ್ ಓದುವವರಿಗೆ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. ಉತ್ತರ ತಡವರಿಸಿದರೆ ಅದೇ ಉತ್ತರ.

2026ರಲ್ಲಿ ಸೇರುವ ಮಗು ಪದವಿ ಮುಗಿಸುವುದು 2030ಕ್ಕೆ, ಮೇಲೆ ಹೇಳಿದ ಒಪ್ಪಂದಗಳು ಮುಗಿಯುವ ಹೊತ್ತಿಗೇ. ಆದ್ದರಿಂದ ಸ್ಕಾಲರ್‌ಶಿಪ್ ಒಂದು ವರ್ಷದ್ದೋ ನಾಲ್ಕು ವರ್ಷದ್ದೋ, ತಂಡವನ್ನೇ ಮುಚ್ಚಿದರೆ ಓದಿನ ಹಣ ಮುಂದುವರಿಯುತ್ತದೆಯೋ ಎಂಬುದು ಬರಹದಲ್ಲಿ ಇರಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. 2025ರ ಜೂನ್ 6ಕ್ಕೆ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಅದರಲ್ಲಿ ಸಿಂಹಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೇ ಹೋಗುತ್ತದೆ. ಆ ಹಣ ಎಲ್ಲಿಂದಲೋ ಕಡಿತವಾಗಿ ಬರಬೇಕು, ಕಡಿತದ ಪಟ್ಟಿಯಲ್ಲಿ ಮೊದಲು ಕಾಣುವುದು ಟೆನಿಸ್, ಈಜಿನಂಥ ತಂಡಗಳು, ನಮ್ಮ ಮಕ್ಕಳು ಹೆಚ್ಚಾಗಿ ಹೋಗುವ ಕ್ರೀಡೆಗಳೇ. ಎಫ್-1 (ವಿದ್ಯಾರ್ಥಿ) ವೀಸಾದ ಮೇಲೆ ಇರುವವರು ಇಂಥ ಹಣಕ್ಕೆ, ಜಾಹೀರಾತಿನ ಹಣಕ್ಕೆ ಕೈ ಚಾಚುವ ಮೊದಲು ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಆ ವೀಸಾದಲ್ಲಿ ದುಡಿಮೆಗೆ ಬಿಗಿ ಮಿತಿಯಿದೆ, ಜೊತೆಯ ಆಟಗಾರ ತೆಗೆದುಕೊಂಡ ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ.

ದೊಡ್ಡ ಕೂಟದ ಹೆಸರಿಗೆ ಮರುಳಾಗಿ ಆರಿಸಬೇಡಿ. ಬಿಗ್ ಟೆನ್‌ಗೆ ಹಣದಲ್ಲಿ ಐದಕ್ಕೆ ಐದು. ಅದೇ ಕೂಟಕ್ಕೆ ಪಶ್ಚಿಮ ಕರಾವಳಿಯ ಟೆನಿಸ್ ಆಟಗಾರ್ತಿಯ ಲೆಕ್ಕದಲ್ಲಿ ಎರಡು. ಬಸ್ಸಿನ ದೂರದಲ್ಲೇ ಎದುರಾಳಿಗಳಿರುವ ಮಧ್ಯಮ ಕೂಟದ ಕಾಲೇಜು, ಪೂರ್ಣ ಸ್ಕಾಲರ್‌ಶಿಪ್, ತಂಡ ಮುಚ್ಚಿದರೂ ಓದು ಮುಂದುವರಿಯುವ ಷರತ್ತು, ಈ ಮೂರೂ ಒಟ್ಟಿಗೆ ಸಿಕ್ಕರೆ ಅಲ್ಲಿಗೆ ಸಹಿ ಹಾಕಿ. ಪತ್ರದಲ್ಲಿ ಮೂರನೆಯದು ಕಾಣದಿದ್ದರೆ ಸೇರಿಸಿ ಕಳಿಸಿ ಎಂದು ಒಂದು ಮೇಲ್ ಹಾಕಿ. ವಾರ ಕಾಯಿರಿ.